ಮೌಂಟನ್ ಬೈಕಿನ ಹೊಸ ಮಾಡೆಲ್‌ನಲ್ಲಿ ಬದಲಾಗಿದ್ದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮಾಡೆಲ್ ಬಂದಾಗಲೆಲ್ಲ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಮೊದಲು ಕೊಳ್ಳುವವರ ಪ್ರಶ್ನೆಗಳು, ಆಮೇಲೆ ಅಳತೆ-ಕೋನಗಳು, ಕೊನೆಗೆ ಪಾನಾ ಹಿಡಿಯುವವರಿಗೆ ಬೇಕಾದದ್ದು.

## ಕೊಳ್ಳುವ ಮೊದಲು

"2026ರ ಮಾಡೆಲ್" ಅಂತಾರೆ, ಆದ್ರೆ 2025ರಲ್ಲೇ ಅಂಗಡಿಗೆ ಬಂದಿತ್ತು. ಇದ್ಯಾವ ಲೆಕ್ಕ?

ಮಾಡೆಲ್ ವರ್ಷ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಕಂಪನಿಗಳು ಮುಂದಿನ ವರ್ಷದ ಬೈಕನ್ನು ಹಿಂದಿನ ವರ್ಷದ ಮಧ್ಯದಲ್ಲೋ ಕೊನೆಯಲ್ಲೋ ಬಿಡುಗಡೆ ಮಾಡುತ್ತವೆ. ಸ್ಕಾಟ್‌ನ 2022ರ ಸ್ಪಾರ್ಕ್ ಹೊರಬಂದದ್ದು 2021ರ ಜೂನ್‌ನಲ್ಲಿ. ಸ್ಪೆಷಲೈಜ್ಡ್‌ನ 2021ರ ಸ್ಟಂಪ್‌ಜಂಪರ್ ಇವೊ ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಈ ಗೊಂದಲ ಬೇಡವೆಂದು ಟ್ರೆಕ್ ಈಗ ವರ್ಷ ಬಿಟ್ಟು "ಜೆನ್ 5", "ಜೆನ್ 6" ಎಂದು ತಲೆಮಾರಿನ ಲೆಕ್ಕ ಕೊಡುತ್ತದೆ. ಅಂಗಡಿಯಲ್ಲಿ ಕೇಳಬೇಕಾದದ್ದೂ ಅದನ್ನೇ: ಇದು ಯಾವ ತಲೆಮಾರಿನ ಫ್ರೇಮ್? ಒಂದೇ ಫ್ರೇಮ್ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷ ಓಡುತ್ತದೆ. ನಡುವಿನ ವರ್ಷಗಳಲ್ಲಿ ಬದಲಾಗುವುದು ಬಣ್ಣ, ಬೆಲೆ, ಅಲ್ಲೊಂದು ಇಲ್ಲೊಂದು ಬಿಡಿಭಾಗ.

ಬಣ್ಣ ಬಿಟ್ಟು ನಿಜವಾಗ್ಲೂ ಏನಾದ್ರೂ ಬದಲಾಗಿದೆಯಾ ಅಂತ ಕಂಡುಹಿಡಿಯೋದು ಹೇಗೆ?

ಎರಡೂ ವರ್ಷದ ಅಳತೆ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನಿಮ್ಮ ಸೈಜಿನ ಸಾಲು ಓದಿ. ಹೆಡ್ ಆಂಗಲ್ (ಫೋರ್ಕ್ ನೆಲಕ್ಕೆ ಮಾಡುವ ಕೋನ), ರೀಚ್ (ಪೆಡಲ್ ಅಕ್ಷದಿಂದ ಹ್ಯಾಂಡಲ್ ಕೊಳವೆಯ ಮೇಲ್ತುದಿಗೆ ಅಡ್ಡ ದೂರ), ಚೈನ್‌ಸ್ಟೇ (ಪೆಡಲ್ ಅಕ್ಷದಿಂದ ಹಿಂದಿನ ಆಕ್ಸಲ್‌ಗೆ ಇರುವ ದೂರ), ಬಾಟಮ್ ಬ್ರಾಕೆಟ್ ಡ್ರಾಪ್ (ಪೆಡಲ್ ಅಕ್ಷ ಕೂರುವ ಬಾಟಮ್ ಬ್ರಾಕೆಟ್ ಆಕ್ಸಲ್‌ಗಳಿಗಿಂತ ಎಷ್ಟು ಕೆಳಗಿದೆ ಎಂಬುದು) ಈ ನಾಲ್ಕೂ ಒಂದೇ ಇದ್ದು, ಹಿಂದಿನ ಶಾಕ್‌ನ ಅಳತೆಯೂ (ಉದ್ದ × ಒತ್ತಿಕೊಳ್ಳುವ ದೂರ, 210×55 ಎಂಬಂತೆ ಬರೆದಿರುತ್ತದೆ) ಒಂದೇ ಇದ್ದರೆ ಅದು ಹಳೆಯ ಫ್ರೇಮೇ. ಜಾಹೀರಾತಿನಲ್ಲಿ "ಸಂಪೂರ್ಣ ಹೊಸದು" ಎಂದಿದ್ದರೂ ಅಷ್ಟೆ.

ನಿಜವಾದ ಬದಲಾವಣೆ ಹೇಗಿರುತ್ತದೆ ಎನ್ನುವುದಕ್ಕೆ ಟ್ರೆಕ್ ಫ್ಯುಯೆಲ್ ಇಎಕ್ಸ್ ನೋಡಿ. ಐದನೇ ತಲೆಮಾರಿನಲ್ಲಿ ಹಿಂದೆ 130, ಮುಂದೆ 140 ಮಿ.ಮೀ. ಟ್ರಾವೆಲ್ (ಸಸ್ಪೆನ್ಷನ್ ಒತ್ತಿದಾಗ ಚಕ್ರ ಚಲಿಸುವ ದೂರ), ಹೆಡ್ ಆಂಗಲ್ 66 ಡಿಗ್ರಿ. 2022ರ ಆರನೇ ತಲೆಮಾರಿನಲ್ಲಿ ಹಿಂದೆ 140, ಮುಂದೆ 150 ಮಿ.ಮೀ. ಟ್ರಾವೆಲ್, 64.5 ಡಿಗ್ರಿ, ಥ್ರೆಡ್ ಇರುವ 73 ಮಿ.ಮೀ. ಬಾಟಮ್ ಬ್ರಾಕೆಟ್, 34.9 ಮಿ.ಮೀ. ಸೀಟ್‌ಪೋಸ್ಟ್, ಕೋನ ಬದಲಿಸಬಹುದಾದ ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್ ಜೋಡಿ) ಕಪ್. ಹೆಸರು ಉಳಿಯಿತು, ಬೈಕ್ ಬೇರೆಯಾಯಿತು.

ಹೋದ ವರ್ಷದ್ದು ರಿಯಾಯಿತಿಲಿ ಸಿಗ್ತಿದೆ. ತಗೊಳ್ಳಲಾ, ಹೊಸದಕ್ಕೆ ಕಾಯಲಾ?

ಫ್ರೇಮ್ ಅದೇ ಆಗಿದ್ದರೆ ಕಣ್ಣು ಮುಚ್ಚಿ ಹಳೆಯದು ತಗೊಳ್ಳಿ. ಫ್ರೇಮ್ ಬದಲಾಗಿದ್ದರೆ ಹಳೆಯದರಲ್ಲಿ ನಾಲ್ಕು ವಿಷಯ ನೋಡಿ: ಯುಡಿಎಚ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಡಿರೈಲರನ್ನು ಫ್ರೇಮಿಗೆ ಹಿಡಿಸುವ, ಹಲವು ಕಂಪನಿಗಳಿಗೂ ಒಂದೇ ಆದ ತುಂಡು), ಥ್ರೆಡ್ ಇರುವ ಬಾಟಮ್ ಬ್ರಾಕೆಟ್, 12×148 (12 ಮಿ.ಮೀ. ದಪ್ಪ, 148 ಮಿ.ಮೀ. ಅಗಲದ) ಹಿಂದಿನ ಆಕ್ಸಲ್, ಫ್ರೇಮಿನ ಪಕ್ಕದಿಂದಲೇ ಒಳಹೋಗುವ ಕೇಬಲ್. ಈ ನಾಲ್ಕೂ ಇರುವ ಬೈಕಿಗೆ ಇನ್ನೂ ಬಹಳ ವರ್ಷ ಬಿಡಿಭಾಗ ಸಿಗುತ್ತದೆ. ಅರ್ಧ ಡಿಗ್ರಿ ಹೆಡ್ ಆಂಗಲ್‌ಗಾಗಿ ಪೂರ್ತಿ ಬೆಲೆ ಕೊಡುವುದಕ್ಕಿಂತ, ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರ್ ಮತ್ತು ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಸೀಟ್ ಏರಿಸಿ ಇಳಿಸಬಲ್ಲ ಕಂಬ) ಹಾಕಿಸಿದರೆ ಬೈಕ್ ಓಡುವ ರೀತಿಯೇ ಬದಲಾಗುತ್ತದೆ.

ಆಲಿವಿಯೊ, ಅಸೆರಾ ಗೇರ್‌ಗಳು ಎಲ್ಲಿ ಹೋದವು? ಎಲ್ಲ ಕಡೆ "ಕ್ಯೂಸ್" ಅಂತ ಬರೆದಿದೆ.

2023ರಲ್ಲಿ ಶಿಮಾನೊ ತನ್ನ ಕೆಳ ಮತ್ತು ಮಧ್ಯಮ ದರ್ಜೆಯ ಗೇರ್‌ಗಳನ್ನು ಕ್ಯೂಸ್ ಎಂಬ ಒಂದೇ ಹೆಸರಿನಡಿ ತಂದಿತು. 9, 10, 11 ಸ್ಪೀಡ್ ಮೂರಕ್ಕೂ ಹಲ್ಲುಚಕ್ರಗಳ ಅಂತರ ಒಂದೇ, ಚೈನ್ ಕೂಡ ಒಂದೇ ಬಗೆಯದು. ಹಲ್ಲುಗಳು ದಪ್ಪ, ಬಾಳಿಕೆ ಹೆಚ್ಚು, ತೂಕವೂ ಹೆಚ್ಚು. ದಿನಾ ಓಡಿಸುವವರಿಗೆ ಒಳ್ಳೆಯ ಬದಲಾವಣೆಯೇ. ತೊಡಕು ಒಂದು: ಹಳೆಯ ಡಿಯೋರ್ ಅಥವಾ ಆಲಿವಿಯೊ ಶಿಫ್ಟರ್ ಜೊತೆ ಕ್ಯೂಸ್ ಡಿರೈಲರ್ ಹೊಂದುವುದಿಲ್ಲ, ಏಕೆಂದರೆ ಕೇಬಲ್ ಎಳೆಯುವ ಪ್ರಮಾಣವೇ ಬೇರೆ. ಬದಲಿಸುವುದಾದರೆ ಶಿಫ್ಟರ್, ಡಿರೈಲರ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ), ಚೈನ್ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

26 ಇಂಚಿನ ಬೈಕ್ ಇದೆ. ಎಸೆಯೋ ಕಾಲ ಬಂತಾ?

ಇಲ್ಲ. ಟೈರು, ಟ್ಯೂಬು ಇನ್ನೂ ಸಿಗುತ್ತವೆ. ಒಳ್ಳೆಯ ಫೋರ್ಕ್ ಸಿಗುವುದು ಮಾತ್ರ ಕಷ್ಟ. ಫೋರ್ಕ್ ಹಾಳಾದ ದಿನ ಯೋಚಿಸಿ.

## ಕೋನ, ಅಳತೆ, ಚಕ್ರ

ಪ್ರತಿ ಮಾಡೆಲ್‌ನಲ್ಲೂ ಹೆಡ್ ಆಂಗಲ್ ಕಡಿಮೆ ಆಗ್ತಾನೇ ಇದೆಯಲ್ಲ, ಅದರಿಂದ ನಮಗೇನು ಲಾಭ?

ಕೋನ ಕಡಿಮೆಯಾದಷ್ಟೂ ಮುಂದಿನ ಚಕ್ರ ಸವಾರನಿಂದ ದೂರ ಹೋಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಪಲ್ಟಿ ಹೊಡೆಯುವ ಭಯ ಕಡಿಮೆ. ಜೊತೆಗೆ "ಟ್ರೇಲ್" ಹೆಚ್ಚುತ್ತದೆ. ಸ್ಟಿಯರಿಂಗ್ ತಿರುಗುವ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರವೇ ಟ್ರೇಲ್. ಅದು ಹೆಚ್ಚಿದ್ದರೆ ಕಲ್ಲಿಗೆ ತಾಗಿದ ಚಕ್ರ ತಾನಾಗಿಯೇ ನೇರಕ್ಕೆ ಬರುತ್ತದೆ.

ಲೆಕ್ಕ ಹಾಕಿ ನೋಡಬಹುದು. 29 ಇಂಚಿನ ಚಕ್ರದ ತ್ರಿಜ್ಯ ಸುಮಾರು 370 ಮಿ.ಮೀ. ಹಳೆಯ ಶೈಲಿಯ 69 ಡಿಗ್ರಿ, 51 ಮಿ.ಮೀ. ಆಫ್‌ಸೆಟ್ (ಸ್ಟಿಯರಿಂಗ್ ಗೆರೆಯಿಂದ ಆಕ್ಸಲ್ ಎಷ್ಟು ಮುಂದಿದೆ ಎಂಬುದು) ಫೋರ್ಕ್‌ನಲ್ಲಿ ಟ್ರೇಲ್ 87 ಮಿ.ಮೀ. ಆಗುತ್ತದೆ. ಈಗಿನ 65 ಡಿಗ್ರಿ, 44 ಮಿ.ಮೀ. ಆಫ್‌ಸೆಟ್‌ನಲ್ಲಿ 124 ಮಿ.ಮೀ. ನಿಧಾನವಾಗಿ ಹತ್ತುವಾಗ ಮುಂದಿನ ಚಕ್ರ ಅತ್ತಿತ್ತ ವಾಲುವುದೂ ಈ 37 ಮಿ.ಮೀ. ಕಾರಣದಿಂದಲೇ. ಸೀಟ್ ಆಂಗಲ್ ನೆಟ್ಟಗಾಗಿ, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು) 90-100 ಮಿ.ಮೀ.ನಿಂದ 35-50ಕ್ಕೆ ಇಳಿದದ್ದು ಇದನ್ನು ಸರಿದೂಗಿಸಲು. ಹಳೆಯ ಬೈಕಿನ ಉದ್ದ ಸ್ಟೆಮ್ಮನ್ನು ಹೊಸ ಫ್ರೇಮಿಗೆ ಹಾಕಬೇಡಿ, ತಿರುವು ಜಡವಾಗುತ್ತದೆ.

ದೊಡ್ಡ ಜಿಗಿತದ ಕಾಲ ಮುಗಿದಂತಿದೆ. ಕಾಡುಜಾಡಿಗೆಂದು ಮಾಡಿದ "ಟ್ರೇಲ್ ಬೈಕು"ಗಳು 64-65 ಡಿಗ್ರಿ ಆಸುಪಾಸಿಗೆ ಬಂದು ನಿಂತಿವೆ. ಈಗ ಬದಲಾಗುತ್ತಿರುವುದು ಕ್ರಾಸ್-ಕಂಟ್ರಿ ರೇಸ್ ಬೈಕುಗಳು. ಮೊದಲು 100 ಮಿ.ಮೀ. ಟ್ರಾವೆಲ್ ಇದ್ದಲ್ಲಿ ಸ್ಪಾರ್ಕ್ ಆರ್‌ಸಿ, 2024ರ ಎಪಿಕ್ 8 ಎರಡೂ 120ಕ್ಕೆ ಏರಿವೆ.

ಹೊಸ ಬೈಕಿನ ರೀಚ್ ನನ್ನ ಹಳೇದಕ್ಕಿಂತ 45 ಮಿ.ಮೀ. ಜಾಸ್ತಿ ಇದೆ. ಒಂದು ಸೈಜ್ ಚಿಕ್ಕದು ತಗೊಳ್ಳಲಾ?

ಆತುರ ಬೇಡ. ರೀಚ್ ನಿಂತು ಓಡಿಸುವಾಗಿನ ಅಳತೆ. ಕೂತು ಓಡಿಸುವಾಗಿನ ಅಳತೆ ಎಫೆಕ್ಟಿವ್ ಟಾಪ್ ಟ್ಯೂಬ್ (ಸೀಟ್ ಕಂಬದಿಂದ ಹ್ಯಾಂಡಲ್ ಕೊಳವೆಗೆ ಅಡ್ಡ ದೂರ). ಸೀಟ್ ಆಂಗಲ್ ನೆಟ್ಟಗಾದರೆ ರೀಚ್ ಹೆಚ್ಚುತ್ತದೆ, ಟಾಪ್ ಟ್ಯೂಬ್ ಹಾಗೇ ಇರುತ್ತದೆ. ಸ್ಟ್ಯಾಕ್ (ಪೆಡಲ್ ಅಕ್ಷದಿಂದ ಹ್ಯಾಂಡಲ್ ಕೊಳವೆಯ ಮೇಲ್ತುದಿಯ ಎತ್ತರ) 620 ಮಿ.ಮೀ., ಟಾಪ್ ಟ್ಯೂಬ್ 630 ಮಿ.ಮೀ. ಇರುವ ಎರಡು ಬೈಕ್ ತೆಗೆದುಕೊಳ್ಳಿ. ಸೀಟ್ ಆಂಗಲ್ 73 ಡಿಗ್ರಿ ಇದ್ದರೆ ರೀಚ್ 440, 77 ಡಿಗ್ರಿ ಇದ್ದರೆ 487. ಕೂತಾಗ ಕೈ ಚಾಚುವ ದೂರ ಎರಡರಲ್ಲೂ ಒಂದೇ.

ಸೈಜ್ ಇಳಿಸಿದರೆ ಟಾಪ್ ಟ್ಯೂಬ್ ಗಿಡ್ಡವಾಗಿ, ಹತ್ತುವಾಗ ಮೊಣಕಾಲು ಹ್ಯಾಂಡಲ್‌ಗೆ ಹತ್ತಿರ ಬರುತ್ತದೆ. ಸೈಜ್ ಇಳಿಸುವುದು ಸರಿ ಅನಿಸುವುದು ಎರಡು ಸಂದರ್ಭದಲ್ಲಿ: ಸೀಟ್ ಟ್ಯೂಬ್ ಎತ್ತರವಾಗಿ ನಿಮಗೆ ಬೇಕಾದ ಡ್ರಾಪರ್ ಒಳಗೆ ಇಳಿಯದಿದ್ದಾಗ, ಅಥವಾ ಎರಡೂ ಅಳತೆ ಒಟ್ಟಿಗೆ ಹೆಚ್ಚಿದ್ದಾಗ. ಇನ್ನೊಂದು ಮಾತು: ಪಟ್ಟಿಯಲ್ಲಿ "ಎಫೆಕ್ಟಿವ್" ಸೀಟ್ ಆಂಗಲ್ ಮಾತ್ರ ಕೊಟ್ಟಿದ್ದರೆ ಉದ್ದ ಕಾಲಿನವರು ಎಚ್ಚರ. ಟ್ಯೂಬ್ ನಿಜಕ್ಕೂ ಹೆಚ್ಚು ವಾಲಿದ್ದರೆ, ಸೀಟ್ ಏರಿಸಿದಷ್ಟೂ ನೀವು ಹಿಂದಕ್ಕೆ ಹೋಗುತ್ತೀರಿ.

ಆವಲಹಳ್ಳಿ, ತುರಹಳ್ಳಿ ಕಡೆ ಓಡಿಸೋಕೆ 64 ಡಿಗ್ರಿ ಬೈಕ್ ಬೇಕಾ?

ಬೇಡ. ಬೆಂಗಳೂರಿನ ಸುತ್ತ ಜಾಡುಗಳಲ್ಲಿ ಉದ್ದ ಇಳಿಜಾರು ಕಡಿಮೆ, ಪೆಡಲ್ ತುಳಿಯುವುದೇ ಹೆಚ್ಚು. 66-67 ಡಿಗ್ರಿಯ, 120 ಮಿ.ಮೀ. ಫೋರ್ಕಿನ ಹಾರ್ಡ್‌ಟೇಲ್ (ಹಿಂದೆ ಶಾಕ್ ಇಲ್ಲದ ಬೈಕ್) ಅಲ್ಲಿ ಚುರುಕಾಗಿರುತ್ತದೆ. ಪಶ್ಚಿಮ ಘಟ್ಟದ ಒದ್ದೆ ಬೇರು, ಜಾರುವ ಕಲ್ಲಿನ ಇಳಿಜಾರಿಗೆ ಹೋಗುವವರಿಗೆ 65ರ ಸುತ್ತಮುತ್ತ ಇದ್ದರೆ ಧೈರ್ಯ ಬರುತ್ತದೆ.

ಮುಂದೆ 29, ಹಿಂದೆ 27.5 ಇರೋ ಬೈಕ್ ಹೆಚ್ಚಾಗ್ತಿವೆ. ನನ್ನ 29ರ ಬೈಕಿಗೂ ಹಿಂದೆ ಚಿಕ್ಕ ಚಕ್ರ ಹಾಕ್ಬಹುದಾ?

ಬೇರೆ ಬೇರೆ ಅಳತೆಯ ಚಕ್ರಕ್ಕೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2019ರಲ್ಲಿ ರೇಸ್‌ಗಳಲ್ಲಿ ಅವಕಾಶ ಕೊಟ್ಟ ಮೇಲೆ ಇದು ಹಬ್ಬಿತು. ಕಡಿದಾದ ಇಳಿಜಾರಿನಲ್ಲಿ ಹಿಂದಕ್ಕೆ ಸರಿದಾಗ ಟೈರ್ ಮೈಗೆ ತಾಗುವುದಿಲ್ಲ, ತಿರುವಿನಲ್ಲಿ ಬೇಗ ಮಲಗುತ್ತದೆ.

ಆದರೆ 29ಕ್ಕೆಂದೇ ಮಾಡಿದ ಫ್ರೇಮಿಗೆ ಸುಮ್ಮನೆ ಚಿಕ್ಕ ಚಕ್ರ ಹಾಕಿದರೆ ಹಿಂಬದಿ 19 ಮಿ.ಮೀ. ಕುಸಿಯುತ್ತದೆ. ಬಾಟಮ್ ಬ್ರಾಕೆಟ್ ಸುಮಾರು 12 ಮಿ.ಮೀ. ಕೆಳಗಿಳಿಯುತ್ತದೆ, ಹೆಡ್ ಮತ್ತು ಸೀಟ್ ಆಂಗಲ್ ತಲಾ 0.9 ಡಿಗ್ರಿ ಹಿಂದಕ್ಕೆ ವಾಲುತ್ತವೆ. ಕಲ್ಲಿರುವ ಜಾಡಿನಲ್ಲಿ ಪೆಡಲ್ ಬಡಿಯುವುದು ಖಚಿತ. ಕಂಪನಿ ಅದಕ್ಕೆಂದೇ ಲಿಂಕ್ ಅಥವಾ ಫ್ಲಿಪ್ ಚಿಪ್ (ತಿರುಗಿಸಿ ಕೂರಿಸಿದರೆ ಫ್ರೇಮಿನ ಕೋನ ಬದಲಾಗುವ ಚಿಕ್ಕ ತುಂಡು) ಕೊಟ್ಟಿದ್ದರೆ ಮಾತ್ರ ಮಾಡಿ.

ಫ್ಲಿಪ್ ಚಿಪ್ ತಿರುಗಿಸೋದು ಹೇಗೆ? ಯಾವ ಕಡೆ ಇಡ್ಬೇಕು?

ಸಾಮಾನ್ಯವಾಗಿ ಅರ್ಧ ಡಿಗ್ರಿ ಕೋನ ಮತ್ತು 6-8 ಮಿ.ಮೀ. ಎತ್ತರ ಬದಲಾಗುತ್ತದೆ. ಪೆಡಲ್ ಹೆಚ್ಚು ಬಡಿಯುತ್ತಿದ್ದರೆ "ಹೈ", ಇಳಿಜಾರೇ ಮುಖ್ಯವಾದರೆ "ಲೋ". ಬೈಕನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರಕ್ಕೆ ಏನಾದರೂ ಆಸರೆ ಕೊಡಿ. ಇಲ್ಲದಿದ್ದರೆ ಬೋಲ್ಟ್ ಬಿಚ್ಚಿದ ತಕ್ಷಣ ಹಿಂಭಾಗ ಜೋತುಬೀಳುತ್ತದೆ. ಎರಡೂ ಕಡೆಯ ಚಿಪ್‌ಗಳನ್ನು ಹೊರತೆಗೆದು ಮಣ್ಣು ಒರೆಸಿ, ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಕೂರಿಸಿ. ಒಂದು ಹೈ, ಒಂದು ಲೋ ಆಗಿ ಕೂತರೆ ಬೇರಿಂಗ್ ಓರೆಯಾಗಿ ಸವೆಯುತ್ತದೆ. ಬೋಲ್ಟಿನ ಮೇಲೆ ಕೆತ್ತಿರುವ ಟಾರ್ಕ್‌ಗೆ ಬಿಗಿಯಿರಿ. ಆಮೇಲೆ ಸ್ಯಾಗ್ (ನೀವು ಕೂತಾಗ ಶಾಕ್ ಎಷ್ಟು ಇಳಿಯುತ್ತದೆ ಎಂಬುದು) ಮತ್ತೆ ಅಳೆಯಿರಿ.

## ಬಿಡಿಭಾಗ ಹೊಂದುತ್ತಾ, ಇಲ್ವಾ

ಯುಡಿಎಚ್, ಯುಡಿಎಚ್ ಅಂತ ಎಲ್ರೂ ಹೇಳ್ತಾರೆ. ಅಷ್ಟು ಮುಖ್ಯಾನಾ?

ಈಚಿನ ವರ್ಷಗಳ ಬದಲಾವಣೆಗಳಲ್ಲಿ ಸವಾರನಿಗೆ ನೇರ ಉಪಯೋಗವಾದದ್ದು ಇದೇ ಎಂದು ನಮ್ಮ ಅಭಿಪ್ರಾಯ. ಮೊದಲು ಒಂದೊಂದು ಫ್ರೇಮಿಗೂ ಒಂದೊಂದು ಹ್ಯಾಂಗರ್. ಮುರಿದರೆ ಅದೇ ಕಂಪನಿಯ, ಅದೇ ಮಾಡೆಲ್‌ನದ್ದು ತರಿಸಿಕೊಳ್ಳುವವರೆಗೆ ಬೈಕ್ ಮೂಲೆಯಲ್ಲಿ. 2019ರಲ್ಲಿ ಗೇರ್ ತಯಾರಿಸುವ ಸ್ರಾಮ್ ಕಂಪನಿ ಯಾವ ಕಂಪನಿಯ ಫ್ರೇಮಿನಲ್ಲಾದರೂ ಅಳವಡಿಸಬಹುದಾದ ಒಂದೇ ವಿನ್ಯಾಸವನ್ನು ತಂದು ಇತರ ಕಂಪನಿಗಳಿಗೂ ಬಳಸಲು ಬಿಟ್ಟಿತು. ಪೆಟ್ಟು ಬಿದ್ದಾಗ ಇದು ಹಿಂದಕ್ಕೆ ತಿರುಗಿ ಡಿರೈಲರನ್ನು ಸ್ವಲ್ಪ ಮಟ್ಟಿಗೆ ಉಳಿಸುತ್ತದೆ. ಘಟ್ಟದ ಕಡೆ ಹೊರಟರೆ ಒಂದು ಹೆಚ್ಚಿನ ಹ್ಯಾಂಗರ್ ಬ್ಯಾಗಿನಲ್ಲಿರಲಿ.

ಉಚಿತವಾಗಿ ಕೊಟ್ಟದ್ದರ ಹಿಂದಿನ ಉದ್ದೇಶ 2023ರ ಮಾರ್ಚ್‌ನಲ್ಲಿ ತಿಳಿಯಿತು. ಆಗ ಬಂದ ಸ್ರಾಮ್‌ನ ಈಗಲ್ ಟ್ರಾನ್ಸ್‌ಮಿಷನ್ ಗೇರ್ ಸೆಟ್‌ನ ಡಿರೈಲರ್, ಹ್ಯಾಂಗರ್ ತೆಗೆದು ಅದೇ ಜಾಗದಲ್ಲಿ ನೇರವಾಗಿ ಫ್ರೇಮಿಗೇ ಕೂರುತ್ತದೆ. ಹಾಗಾಗಿ ಯುಡಿಎಚ್ ಇಲ್ಲದ ಫ್ರೇಮಿಗೆ ಟ್ರಾನ್ಸ್‌ಮಿಷನ್ ಹಾಕಲು ಯಾವ ಅಡಾಪ್ಟರೂ ಉಪಯೋಗಕ್ಕೆ ಬರುವುದಿಲ್ಲ.

ಯುಡಿಎಚ್ ಬಿಚ್ಚೋಕೆ ಹೋದ್ರೆ ಬೋಲ್ಟ್ ಇನ್ನೂ ಬಿಗಿ ಆಗ್ತಿದೆ. ಯಾಕೆ?

ಅದರ ಥ್ರೆಡ್ ಉಲ್ಟಾ. ಚಕ್ರ ತೆಗೆದು, 8 ಮಿ.ಮೀ. ಆಲನ್ ಕೀ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಹೊಸದನ್ನು ಕೂರಿಸುವಾಗ ಹ್ಯಾಂಗರ್ ಫ್ರೇಮಿನ ತಡೆಗೆ ತಾಗಿ ಕೂತಿದೆಯೇ ನೋಡಿ, ವಿರುದ್ಧ ದಿಕ್ಕಿಗೆ 25 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಕೈ ಅಂದಾಜಿಗೆ ಬಿಗಿದು ಬಿಟ್ಟರೆ ಹ್ಯಾಂಗರ್ ಅಲುಗುತ್ತದೆ, ಗೇರ್ ಎಷ್ಟು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ.

ಟ್ರಾನ್ಸ್‌ಮಿಷನ್ ಹಾಕಿಸಿದೆ, ಗೇರ್ ಸರಿಯಾಗಿ ಬೀಳ್ತಿಲ್ಲ. ಡಿರೈಲರ್ ಎಷ್ಟು ಸರಿಯಬೇಕೆಂದು ಹೊಂದಿಸೋ ಲಿಮಿಟ್ ಸ್ಕ್ರೂ ಎಲ್ಲಿದೆ?

ಇಲ್ಲ. ಹಲ್ಲುಚಕ್ರದಿಂದ ಡಿರೈಲರ್‌ನ ದೂರ ಹೊಂದಿಸುವ ಬಿ-ಟೆನ್ಷನ್ ಸ್ಕ್ರೂ ಕೂಡ ಇಲ್ಲ. ಹೊಂದಾಣಿಕೆಯೆಲ್ಲ ಕೂರಿಸುವ ಕ್ರಮದಲ್ಲೇ ಇದೆ, ತಪ್ಪುವುದೂ ಅಲ್ಲೇ. ಡಿರೈಲರ್ ಬೋಲ್ಟ್ ಸಡಿಲ ಇರುವಾಗಲೇ ಚಕ್ರ ಹಾಕಿ ಆಕ್ಸಲನ್ನು ಮೊದಲು ಪೂರ್ತಿ ಬಿಗಿಯಬೇಕು. ನಂತರ ಚೈನನ್ನು ಕಂಪನಿಯ ಪಟ್ಟಿಯಲ್ಲಿ ನಿಮ್ಮ ಫ್ರೇಮಿಗೆ ಕೊಟ್ಟಷ್ಟೇ ಕೊಂಡಿಗೆ ಕತ್ತರಿಸಿ, ಸೆಟಪ್‌ಗೆಂದು ಕಂಪನಿ ಸೂಚಿಸಿದ ಹಲ್ಲುಚಕ್ರಕ್ಕೆ ತಂದು, ಡಿರೈಲರನ್ನು ಹಿಂದಕ್ಕೆ ಎಳೆದು ಹಿಡಿದು 35 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ಆಕ್ಸಲಿಗಿಂತ ಮೊದಲೇ ಡಿರೈಲರ್ ಬಿಗಿದರೆ, ಅಥವಾ ಚೈನ್ ಕಣ್ಣಳತೆಯಲ್ಲಿ ಕತ್ತರಿಸಿದರೆ ನೀವು ಹೇಳುವ ತೊಂದರೆಯೇ ಬರುತ್ತದೆ. ಹಳೆಯ ಈಗಲ್ ಚೈನ್ ಇದಕ್ಕೆ ಆಗದು. ಮೇಲಂಚು ಚಪ್ಪಟೆಯಾಗಿರುವ ಚೈನೇ ಬೇಕು, ಚೈನ್‌ಲೈನ್ (ಫ್ರೇಮಿನ ನಡುಗೆರೆಯಿಂದ ಮುಂದಿನ ಹಲ್ಲುಚಕ್ರಕ್ಕೆ ಇರುವ ದೂರ) 55 ಮಿ.ಮೀ. ಇರಬೇಕು.

ಇನ್ನು ಮುಂದೆ ಬ್ಯಾಟರಿ ಗೇರೇ ಗತಿನಾ?

ಅಲ್ಲ. ಸ್ರಾಮ್ 2025ರಲ್ಲಿ ಈಗಲ್ 90, ಈಗಲ್ 70 ಎಂಬ ಕೇಬಲ್ ಟ್ರಾನ್ಸ್‌ಮಿಷನ್‌ಗಳನ್ನು ತಂದಿದೆ. ಅವೂ ಫ್ರೇಮಿಗೆ ನೇರವಾಗಿಯೇ ಕೂರುತ್ತವೆ. ಅದೇ ವರ್ಷ ಬಂದ ಶಿಮಾನೊ ಎಕ್ಸ್‌ಟಿಆರ್ ವೈರ್‌ಲೆಸ್. ಆದರೂ ಅದಕ್ಕೆ ಮಾಮೂಲಿ ಹ್ಯಾಂಗರ್ ಸಾಕು.

ನನ್ನ ಹಳೇ ಚಕ್ರಕ್ಕೆ 12 ಸ್ಪೀಡ್ ಕ್ಯಾಸೆಟ್ ಕೂರುತ್ತಾ?

ಹಬ್ ಯಾವುದು ಎಂಬುದರ ಮೇಲಿದೆ. ಮೊದಲು ಅದು ಕ್ಯಾಸೆಟ್ಟೋ, ಹಳೆಯ ಥ್ರೆಡ್ ಫ್ರೀವೀಲೋ ನೋಡಿ. ಚಕ್ರ ಕೈಯಲ್ಲಿ ಹಿಡಿದು ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ಟೂಲ್ ಕೂರುವ ಗೀರುಗಳಿರುವ ಉಂಗುರವೂ ಜೊತೆಗೆ ತಿರುಗಿದರೆ ಕ್ಯಾಸೆಟ್, ಅದು ನಿಂತೇ ಇದ್ದರೆ ಫ್ರೀವೀಲ್. ನಮ್ಮಲ್ಲಿ ಸಿಗುವ 7 ಸ್ಪೀಡ್ ಬೈಕುಗಳಲ್ಲಿ ಬಹಳಷ್ಟು ಫ್ರೀವೀಲ್‌ನವೇ, ಅವಕ್ಕೆ ಚಕ್ರವನ್ನೇ ಬದಲಿಸಬೇಕು.

ಕ್ಯಾಸೆಟ್ ಆದರೆ ಫ್ರೀಹಬ್ (ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ) ಮೂರು ಬಗೆ. ಹಳೆಯ ಎಚ್‌ಜಿ ಫ್ರೀಹಬ್‌ಗೆ 11 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ ಬೇಕು. ಸ್ರಾಮ್ ಎಸ್‌ಎಕ್ಸ್, ಎನ್‌ಎಕ್ಸ್ ಈಗಲ್‌ನ 11-50 ಇದರಲ್ಲಿ ಕೂರುತ್ತದೆ. 10 ಹಲ್ಲಿನಿಂದ ಶುರುವಾಗುವ ಸ್ರಾಮ್‌ಗೆ ಎಕ್ಸ್‌ಡಿ, ಶಿಮಾನೊ 12 ಸ್ಪೀಡ್‌ನ 10-51ಕ್ಕೆ ಮೈಕ್ರೋ ಸ್ಪ್ಲೈನ್ ಬೇಕು. ಬಹಳಷ್ಟು ಒಳ್ಳೆಯ ಹಬ್‌ಗಳಲ್ಲಿ ಫ್ರೀಹಬ್ ಬಾಡಿ ಮಾತ್ರ ಬದಲಿಸಬಹುದು. ಚಕ್ರ ಮಾರುವ ಮೊದಲು ಅದನ್ನು ವಿಚಾರಿಸಿ.

142 ಮಿ.ಮೀ. ಹಬ್ಬನ್ನು 148ರ ಬೂಸ್ಟ್ ಫ್ರೇಮಿಗೆ ಹಾಕ್ಬಹುದಾ?

ಎರಡೂ ಪಕ್ಕಕ್ಕೆ 3 ಮಿ.ಮೀ. ಸ್ಪೇಸರ್, ಡಿಸ್ಕ್ ಕೆಳಗೆ 3 ಮಿ.ಮೀ. ಸ್ಪೇಸರ್ ಮತ್ತು ಉದ್ದದ ಬೋಲ್ಟ್ ಹಾಕಿ ಓಡಿಸಬಹುದು. 135 ಮಿ.ಮೀ. ಕ್ವಿಕ್ ರಿಲೀಸ್ ಹಬ್‌ಗೆ ಆ ಸಾಹಸ ಬೇಡ.

ಹೆಡ್‌ಸೆಟ್ ಒಳಗಿಂದ ಕೇಬಲ್ ಹೋಗೋದು ನೋಡೋಕೆ ಚೆನ್ನಾಗಿದೆ. ತೊಂದರೆ ಏನು?

ಮೇಲಿನ ಬೇರಿಂಗ್. ಬ್ರೇಕ್ ಹೋಸ್ ಅದರ ಉಂಗುರದ ನಡುವಿನಿಂದಲೇ ಕೆಳಗಿಳಿಯುತ್ತದೆ. ಹಾಗಾಗಿ ಆ ಬೇರಿಂಗ್ ಬದಲಿಸಬೇಕಾದರೆ ಹೋಸನ್ನು ಲಿವರ್ ಬಳಿ ಬಿಚ್ಚಬೇಕು, ಹೊಸ ಆಲಿವ್, ಬಾರ್ಬ್ (ಹೋಸಿನ ತುದಿ ಸೋರದಂತೆ ಹಿಡಿಯುವ ತುಂಡುಗಳು) ಹಾಕಬೇಕು, ಬ್ರೇಕ್ ಬ್ಲೀಡ್ ಮಾಡಿ ಒಳಗಿನ ಗಾಳಿ ತೆಗೆಯಬೇಕು. ಕೇಬಲ್ ಗೇರ್, ಡ್ರಾಪರ್ ಇದ್ದರೆ ಅವುಗಳ ಕೇಬಲಿನ ಹೊರಕವಚವನ್ನೂ (ಔಟರ್) ಎಳೆಯಬೇಕು. ಪಕ್ಕದಿಂದ ಕೇಬಲ್ ಹೋಗುವ ಫ್ರೇಮಿನಲ್ಲಿ ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ ಇಲ್ಲಿ ಅರ್ಧ ದಿನ ಹಿಡಿಯುತ್ತದೆ. ಕೆಳಗಿನ ಬೇರಿಂಗ್‌ಗೆ ಈ ಕಷ್ಟವಿಲ್ಲ, ಫೋರ್ಕ್ ಇಳಿಸಿದರೆ ಸಾಕು.

ಮಲೆನಾಡು, ಕೊಡಗಿನ ಮಳೆಯಲ್ಲಿ ಓಡಿಸುವವರಿಗೆ ನಾವು ಇದನ್ನು ಶಿಫಾರಸು ಮಾಡುವುದಿಲ್ಲ. ಈಗಾಗಲೇ ಕೊಂಡಿದ್ದರೆ ಮಳೆಗಾಲಕ್ಕೆ ಮುಂಚೆ ಮೇಲಿನ ಮುಚ್ಚಳ ಎತ್ತಿ ಬೇರಿಂಗ್ ಸುತ್ತ ದಪ್ಪಗೆ ಜಲನಿರೋಧಕ ಗ್ರೀಸ್ ತುಂಬಿ. ಹೆಚ್ಚಿನ ಒತ್ತಡದ ನೀರಿನಲ್ಲಿ ಆ ಭಾಗ ತೊಳೆಯಬೇಡಿ. ಬದಲಿ ಕೊಳ್ಳುವಾಗ ಬೇರಿಂಗ್ ಮೇಲೆ ಕೆತ್ತಿರುವ ಕೋನ (36×45 ಅಥವಾ 45×45) ಹೊಂದಿಸಿ ತನ್ನಿ. ಬೇರೆ ಕೋನದ್ದು ಕೂತಂತೆ ಕಂಡರೂ ವಾರದಲ್ಲೇ ಅಲುಗತೊಡಗುತ್ತದೆ.

ಬಾಟಮ್ ಬ್ರಾಕೆಟ್ ಥ್ರೆಡ್‌ಗೆ ವಾಪಸ್ ಬಂದದ್ದು ಯಾಕೆ?

ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್ ಫಿಟ್‌ನಲ್ಲಿ ಫ್ರೇಮಿನ ರಂಧ್ರದ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಪೆಡಲ್ ತುಳಿದಾಗಲೆಲ್ಲ ಕಿರ್ ಎನ್ನುತ್ತದೆ. ಥ್ರೆಡ್‌ನಲ್ಲಿ ಆ ಗೋಳು ಕಡಿಮೆ, ಬಿಚ್ಚಲು ಸುತ್ತಿಗೆಯೂ ಬೇಡ. ಮಾಮೂಲಿ 73 ಮಿ.ಮೀ. ಶೆಲ್‌ನಲ್ಲಿ ಬಲಗಡೆಯ ಕಪ್ ಉಲ್ಟಾ ಥ್ರೆಡ್ ಎಂಬುದು ನೆನಪಿರಲಿ.

ಸ್ರಾಮ್ ಬ್ರೇಕಿಗೆ ಯಾವ ಎಣ್ಣೆ? ಒಬ್ಬರು ಡಾಟ್ ಅಂತಾರೆ, ಇನ್ನೊಬ್ಬರು ಮಿನರಲ್ ಅಂತಾರೆ.

ಇಬ್ಬರೂ ಸರಿ, ಮಾಡೆಲ್ ಬೇರೆ. ಕೋಡ್ ಬ್ರೇಕಿಗೆ ಡಾಟ್ 5.1 (ವಾಹನಗಳಲ್ಲೂ ಬಳಸುವ ಬ್ರೇಕ್ ದ್ರವ). 2022ರ ಡಿಬಿ8, 2024ರ ಮೇವನ್‌ಗೆ ಮಿನರಲ್ ಎಣ್ಣೆ. ಮಿನರಲ್ ಬ್ರೇಕಿಗೆ ಡಾಟ್ ಹಾಕಿದರೆ ಒಳಗಿನ ರಬ್ಬರ್ ಸೀಲ್ ಊದಿಕೊಂಡು ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ತೊಳೆದು ಸರಿಪಡಿಸುವ ಮಾತಿಲ್ಲ, ಸೀಲ್‌ಗಳನ್ನೇ ಬದಲಿಸಬೇಕು. ಸಿರಿಂಜ್‌ಗಳನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಶಿಮಾನೊದ 2025ರ ಎಕ್ಸ್‌ಟಿಆರ್‌ಗೆ ತೆಳು ಮಿನರಲ್ ಎಣ್ಣೆ ಬೇಕು, ಹಳೆಯ ಬಾಟಲಿಯದ್ದು ಅದಕ್ಕೆ ಸಲ್ಲದು.

200 ಮಿ.ಮೀ. ಡಿಸ್ಕ್ ಜಾಗದಲ್ಲಿ 203 ಹಾಕಿದ್ರೆ ಏನಾಗುತ್ತೆ?

ತ್ರಿಜ್ಯದಲ್ಲಿ 1.5 ಮಿ.ಮೀ. ವ್ಯತ್ಯಾಸ ಬರುತ್ತದೆ, ಡಿಸ್ಕಿನ ಅಂಚು ಕ್ಯಾಲಿಪರ್ ಮೈಗೆ ಉಜ್ಜಬಹುದು. ಕ್ಯಾಲಿಪರ್ ಕೆಳಗೆ ಅಷ್ಟೇ ದಪ್ಪದ ವಾಷರ್ ಹಾಕಿ, ಬೋಲ್ಟ್ ಸಾಕಷ್ಟು ಒಳಗೆ ಹಿಡಿದಿದೆಯೇ ನೋಡಿ.

120ರ ಫೋರ್ಕ್ ತೆಗೆದು 140 ಹಾಕಿದ್ರೆ ಹಳೇ ಬೈಕ್ ಹೊಸ ಮಾಡೆಲ್ ಥರ ಆಗುತ್ತಲ್ವಾ?

ಹೆಡ್ ಆಂಗಲ್ ಮಟ್ಟಿಗೆ ಹೌದು, ಸುಮಾರು 0.9 ಡಿಗ್ರಿ ಇಳಿಯುತ್ತದೆ. ಆದರೆ ಸೀಟ್ ಆಂಗಲ್ ಕೂಡ ಅಷ್ಟೇ ಹಿಂದಕ್ಕೆ ವಾಲುತ್ತದೆ, ರೀಚ್ 9-10 ಮಿ.ಮೀ. ಕಡಿಮೆಯಾಗುತ್ತದೆ, ಬಾಟಮ್ ಬ್ರಾಕೆಟ್ 6-7 ಮಿ.ಮೀ. ಏರುತ್ತದೆ. ಹೊಸ ಬೈಕುಗಳು ಹೋದ ದಿಕ್ಕಿಗೆ ಇದು ಪೂರ್ತಿ ಉಲ್ಟಾ. 10 ಮಿ.ಮೀ. ಹೆಚ್ಚಿಸುವುದಕ್ಕೆ ಅಡ್ಡಿಯಿಲ್ಲ. ಅದಕ್ಕೂ ಮುಂಚೆ ಫ್ರೇಮಿನ ಗರಿಷ್ಠ ಫೋರ್ಕ್ ಅಳತೆ ನೋಡಿ, ಮೀರಿದರೆ ವಾರಂಟಿ ಹೋಗುತ್ತದೆ. ಕೋನ ಮಾತ್ರ ಬೇಕಾದರೆ ಕೋನ ಬದಲಿಸುವ ಹೆಡ್‌ಸೆಟ್ ಹಾಕಿಸುವುದು ಒಳ್ಳೆಯದು.

ನನ್ನ ಫ್ರೇಮಲ್ಲಿ 210×50 ಶಾಕ್ ಇದೆ, ಹೊಸ ಮಾಡೆಲ್‌ನಲ್ಲಿ 210×55. ಅದನ್ನೇ ಹಾಕ್ಲಾ?

ಶಾಕಿನ ಎರಡು ತುದಿಯ ಬೋಲ್ಟ್ ರಂಧ್ರಗಳ ನಡುವಿನ ಉದ್ದ ಒಂದೇ, ಆದ್ದರಿಂದ ಕೂರುತ್ತದೆ. ಪ್ರಶ್ನೆ ಇರುವುದು ಪೂರ್ತಿ ಒತ್ತಿದಾಗ. ಶಾಕಿನ ಗಾಳಿಯೆಲ್ಲ ಬಿಟ್ಟು, ಸೀಟ್ ಮೇಲೆ ಭಾರ ಹಾಕಿ ತಳ ಮುಟ್ಟುವವರೆಗೆ ಒತ್ತಿ ಹಿಡಿಯಿರಿ. ಟೈರಿಗೂ ಸೀಟ್ ಟ್ಯೂಬಿಗೂ, ಲಿಂಕಿಗೂ ಫ್ರೇಮಿಗೂ ನಡುವೆ ಬೆರಳಗಲ ಜಾಗ ಉಳಿಯಬೇಕು. ಉಳಿಯದಿದ್ದರೆ ಶಾಕ್ ಒಳಗೆ 2.5 ಅಥವಾ 5 ಮಿ.ಮೀ. ಸ್ಪೇಸರ್ ಹಾಕಿಸಿ ಸ್ಟ್ರೋಕ್ (ಶಾಕ್ ಒತ್ತಿಕೊಳ್ಳುವ ದೂರ) ಇಳಿಸಿ. ಇದು ಸರ್ವಿಸ್ ಸೆಂಟರಿನ ಕೆಲಸ, ಮನೆಯಲ್ಲಿ ಶಾಕ್ ಬಿಚ್ಚಬೇಡಿ.